ಕೊಸರು

ಟೊಲೀಡೊದಲ್ಲಿ ನವೆಂಬರ್ ಎಂದರೆ ಮಧ್ಯಾಹ್ನ ಮೂರಕ್ಕೇ
ಕಿಟಕಿಯಲ್ಲಿ ಸಂಜೆ. ಹೀಟರಿನ ಮೇಲೆ
ಯಾರದೋ ಒದ್ದೆ ಕೈಗವಸು.
ಕೊನೆಯ ಗಂಟೆ ಹೊಡೆದ ಮೇಲೂ ಹೋಗದೆ ನಿಂತಿದ್ದಳು
ಮಾರ್ತಾ ನೋವಾಕ್, ಬ್ಯಾಗು ಒಂದೇ ಹೆಗಲಿಗೆ.
'ಮಿಸ್, ನೀವು ಸಂಭವನೀಯತೆ ಕಲಿಸುವವರು.
ಹೇಳಿ, ನನ್ನದೆಷ್ಟು?'

ಎಂಬತ್ತು ಸೀಟು. ಹೋದ ವರ್ಷ ಸಾವಿರದಿನ್ನೂರು ಅರ್ಜಿ,
ಹೈಸ್ಕೂಲಿನಿಂದ ನೇರ ಬಿಸಿನೆಸ್ ಪದವಿಗೆ.
ಬೋರ್ಡಿನ ಮೂಲೆಯಲ್ಲಿ ಭಾಗಿಸಿದೆ: ನೂರಕ್ಕೆ ಆರೂವರೆ, ಮೇಲೆ ಚೂರು.
ಮಧುಗಿರಿಯ ನಮ್ಮ ಪಡಸಾಲೆಯ ಚೌಕಾಬಾರದಲ್ಲಿ
ನಾಲ್ಕೂ ಕವಡೆ ಬೋರಲು ಬೀಳುವಷ್ಟು, ಹೆಚ್ಚುಕಡಿಮೆ.
ಆದರೆ ಕವಡೆ ನಾಣ್ಯವಲ್ಲ; ಅದಕ್ಕೆ ಬೆನ್ನು ಬೇರೆ, ಹೊಟ್ಟೆ ಬೇರೆ,
ಆಡುವವಳ ಮಣಿಕಟ್ಟು ಬೇರೆ. ಸೋದರತ್ತೆ ಪುಟ್ಟನಂಜಮ್ಮ
ಬೇಕೆಂದಾಗ ಎಂಟು ಹಾಕುತ್ತಿದ್ದಳು.
ಇದನ್ನು ಹೇಳಲಿಲ್ಲ. 'ಅದು ಸರಾಸರಿಯವಳ ಲೆಕ್ಕ' ಎಂದೆ.
'ಅವಳ್ಯಾರು?' ಅಂದಳು.

ಅವಳನ್ನು ನಾನೂ ಕಂಡಿಲ್ಲ.
ಬ್ರೈಸ್‌ನನ್ನು ಕಂಡಿದ್ದೇನೆ. ಗಂಟೆಗೆ ಮುನ್ನೂರು ಡಾಲರ್ ಕೊಟ್ಟು
ಅವರಪ್ಪ ಸಲಹೆಗಾರನನ್ನಿಟ್ಟಿದ್ದಾನೆ. ಬೇಸಿಗೆ ರಜದಲ್ಲಿ
ಹುಡುಗ ಒಂದು ಸೇವಾಸಂಸ್ಥೆ ಸ್ಥಾಪಿಸಿದ. ಲಾಂಛನ ಚೆನ್ನಾಗಿದೆ.
ಸೇವೆ ಇನ್ನೂ ಶುರುವಾಗಬೇಕು.
ಕೆಟ್ಟವನಲ್ಲ ಅವನು. ಅವನಿಗೂ ಪತ್ರ ಬರೆದವಳು ನಾನೇ.

ಮಾರ್ತಾಳ ಅಜ್ಜಿ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ
ಪಿರೋಗಿ ಮಾರುತ್ತಾಳೆ. ಆಲೂಗಡ್ಡೆ ತುಂಬಿದ ಕಡುಬು ಎನ್ನಿ,
ನಮ್ಮ ಕಡುಬಿನ ಸಂಕೋಚವಿಲ್ಲದ್ದು, ಬೆಣ್ಣೆಯಲ್ಲಿ ಹೊರಳಿದ್ದು.
ಹನ್ನೆರಡರ ವಯಸ್ಸಿನಿಂದ ಲೆಕ್ಕ ಇವಳದು.
ಹಸಿರು ರಟ್ಟಿನ ಪುಸ್ತಕ ತೆಗೆದು ತೋರಿಸಿದಳು,
ಹಾಳೆ ಹಾಳೆಗೂ ಹಿಟ್ಟಿನ ಬೆರಳಚ್ಚು.
ಅರ್ಧ ಡಜನ್ ಕಟ್ಟಿಟ್ಟರೆ ಒಂಟಿ ಮುದುಕರೂ ಕೊಳ್ಳುತ್ತಾರೆಂದು
ಕಂಡುಕೊಂಡವಳು ಇವಳು. ಆಲೂಗಡ್ಡೆ ತುಟ್ಟಿಯಾದ ವಾರ
ಬೆಲೆ ಏರಿಸದೆ ಎಲೆಕೋಸಿನ ಕಡೆ ತಿರುಗಿದವಳು.
ಕೊನೆಗೊಂದು ಕಾಲಂ, ಕೆಂಪು ಪೆನ್ನಿನದು:
ವಾರಕ್ಕೆ ನಲವತ್ತೋ ಐವತ್ತೋ,
ಖರ್ಚೂ ಅಲ್ಲ, ಮಾರಾಟವೂ ಅಲ್ಲ.

'ಹದಿಮೂರನೆಯದು, ಮಿಸ್. ಅಜ್ಜಿ ಸುಮ್ಮನೆ ಹಾಕ್ತಾಳೆ.
ಎಷ್ಟು ಹೇಳಿದ್ರೂ ಬಿಡಲ್ಲ. ವರ್ಷಕ್ಕೆ ಸಾವಿರ ಡಾಲರ್ ಸೋರುತ್ತೆ.
ಯಾವ ತಲೆಬರಹದ ಕೆಳಗೆ ಬರೀಬೇಕೋ ಗೊತ್ತಾಗಲಿಲ್ಲ.'

ನನಗೆ ಗೊತ್ತಿತ್ತು. ಬಾಯಿಗೂ ಬಂತು:
ಕೊಸರು.
ಸೇರು ತುಂಬಿ, ಬಾಯಿ ಸವರಿ, ಸುರಿದಾದ ಮೇಲೆ
ಕಾಳಿನಂಗಡಿಯವನು ಒಂದು ಹಿಡಿ ಹಾಕುತ್ತಿದ್ದನಲ್ಲ, ಅದು.
ಕೇಳಬೇಕಿರಲಿಲ್ಲ. ಹಾಕದೆ ಹೋದರೆ
ನಮ್ಮವ್ವ ಮತ್ತೆ ಆ ಕಟ್ಟೆ ಹತ್ತುತ್ತಿರಲಿಲ್ಲ.
ಮಾರ್ತಾ ಎರಡು ಸಲ ಅಂದು ನೋಡಿದಳು: ಕೊಸ್ರು. ಕೊಸರು.
ಕೆಂಪು ಕಾಲಮಿನ ನೆತ್ತಿಯ ಮೇಲೆ
ತನ್ನ ಲಿಪಿಯಲ್ಲಿ, ಪೆನ್ಸಿಲಿನಿಂದ, ಬರೆದುಕೊಂಡಳು.

ರಾತ್ರಿ ಶಿಫಾರಸಿನ ನಮೂನೆ ತೆರೆದೆ.
ನೀವು ಕಲಿಸಿದ ಮಕ್ಕಳಲ್ಲಿ ಈಕೆ ನೂರಕ್ಕೊಬ್ಬಳೆ?
ಇಪ್ಪತ್ತಕ್ಕೊಬ್ಬಳೆ? ಹತ್ತಕ್ಕೊಬ್ಬಳೆ?
ಇವಳದು ಎಂಬತ್ತೆಂಟು ಅಂಕ. ಬ್ರೈಸ್‌ನದು ತೊಂಬತ್ತಾರು.
ಹದಿನೇಳು ವರ್ಷದ ಮಕ್ಕಳನ್ನು ಬೆರಳು ಮಡಿಚಿ ಎಣಿಸಿದೆ.
ಮೊದಲ ಚೌಕದ ಮೇಲೆ ಬಾಣ ಬಹಳ ಹೊತ್ತು ನಿಂತಿತು,
ಅನ್ನ ಬೆಂದು ತಳ ಹಿಡಿಯುವವರೆಗೆ.
ಎರಡನೆಯದನ್ನು ಒತ್ತಿದೆ.

ಕೆಳಗೆ ಖಾಲಿ ಜಾಗ: ಐನೂರು ಪದ ಮೀರಬಾರದು.
ಎಲೆಕೋಸು ಬರೆದೆ, ಒಂಟಿ ಮುದುಕರನ್ನು ಬರೆದೆ,
ಹದಿಮೂರನೆಯದರ ಹತ್ತಿರ ಬಂದಾಗ
ಐನೂರು ಮುಗಿದಿತ್ತು. ಎಷ್ಟು ಕುಟ್ಟಿದರೂ
ಒಂದಕ್ಷರ ಒಳಗೆ ಬಿಡಲಿಲ್ಲ ಯಂತ್ರ.

ಮಾರ್ಚಿನ ಕೊನೆಯ ಗುರುವಾರ ಬಂತು ಉತ್ತರ: ಕಾಯುವ ಪಟ್ಟಿ.
ಬ್ರೈಸ್‌ಗೂ ಅದೇ. ಅದನ್ನು ಅವಳೇ ಹೇಳಿದಳು, ಬಾಗಿಲಲ್ಲಿ ನಿಂತು,
ಸಮಾಧಾನಕ್ಕೋ ಸಂಕಟಕ್ಕೋ ತಿಳಿಯದ ದನಿಯಲ್ಲಿ.
ಆಮೇಲೆ, 'ಎಂಬತ್ತು ಅಳೆದಾಯ್ತಲ್ಲ, ಮಿಸ್.
ನಾವೀಗ ಕೊಸರು.'

ನಗುತ್ತಿದ್ದಳೋ ಏನೋ.
ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ
ಒರೆಸುತ್ತಿದ್ದೆ ನಾನು.