ಬಾಗಿಲು ಎಂದರೆ ಬಾಗಿಲು ತೋರಿಸಬೇಡ

ಡುಲೂತ್. ಜನವರಿ. ಹೆಪ್ಪುಗಟ್ಟಿದ ಸರೋವರ
ರಾತ್ರಿಯೆಲ್ಲ ಹಲ್ಲು ಕಡಿಯುತ್ತದೆ.
ವರ್ನಾಳ ನೆಲಮಾಳಿಗೆಯಲ್ಲಿ ಎರಡು ವಿಸಿಆರ್,
ಒಂದು ಅವಳದು, ಒಂದು ನನ್ನದು.
ಬಟ್ಟೆ ಒಗೆಯುವ ಯಂತ್ರದ ಮೇಲೆ ಟವೆಲು ಹಾಸಿ
ಪಕ್ಕಪಕ್ಕ ಕೂರಿಸಿದ್ದೇವೆ, ಹೊಸ ಬೀಗರ ಹಾಗೆ,
ನಡುವೆ ಮೂರು ತಂತಿಯ ಸಂಬಂಧ.

ನಾನು ಮಕ್ಕಳಿಗೆ ಈಜು ಕಲಿಸುವವಳು.
ಶಾಲೆಯ ಸ್ಟಾಪ್‌ವಾಚು ಹಗಲು ಅವರ ಉಸಿರು ಎಣಿಸುತ್ತದೆ,
ರಾತ್ರಿ ಒಂದು ಹಾಡಿನದು.
ವರ್ನಾ ಹಲ್ಲು ಕಟ್ಟುವವಳು;
ಸುಳ್ಳು ಹಲ್ಲನ್ನು ಸುಳ್ಳೆಂದು ತಿಳಿಯದ ಹಾಗೆ
ಯಾರದೋ ನಗುವಿಗೆ ಸೇರಿಸುವುದು ಅವಳ ಕಸುಬು.

ಆ ಧಾರಾವಾಹಿ ನಿಮಗೆ ಗೊತ್ತಿರಲಿಕ್ಕಿಲ್ಲ.
ನಕ್ಷತ್ರಗಳ ನಡುವೆ ಸರಕು ಹೊರುವ ಮುದಿ ಹಡಗು,
ಕ್ಯಾಪ್ಟನ್ ವೆಸ್ಕೊ, ಎಂಜಿನ್ ಕೋಣೆಯ ಟೋವಾ.
ಮೂವತ್ತೆಂಟು ಕಂತು. ಒಮ್ಮೆಯೂ ಮುಟ್ಟಿಕೊಳ್ಳಲಿಲ್ಲ.
ಬರೆದವರು ಮರೆತರು.
ನಾವು ಮರೆಯಲಿಲ್ಲ.

ನನ್ನ ಮೊದಲ ವಿಡಿಯೋ ನೆನೆದರೆ ಈಗಲೂ ಕಿವಿ ಬಿಸಿ.
ಹಾಡು ಮಳೆ ಅಂದಿತು, ಮಳೆ ಹಾಕಿದೆ.
ನಕ್ಷತ್ರ ಅಂದಿತು, ಅದಕ್ಕೇನು ಬರ, ಕಿಟಕಿ ತುಂಬ.
ಬಾಗಿಲು ಅಂದಿತು, ಸುಯ್ಯೆಂದು ತೆರೆದ ಬಾಗಿಲು.
ವರ್ನಾ ಪೂರ್ತಿ ನೋಡಿದಳು. ಕಾಫಿ ಮುಗಿಸಿದಳು.
“ಒಂದನೇ ತರಗತಿಯ ಗೋಡೆಪಟ ಕಣೇ ಇದು,
ಸೇಬು ಎಂಬ ಪದದ ಪಕ್ಕ ಸೇಬು.
ಕಿವಿಗೆ ಬಡಿಸಿದ್ದನ್ನೇ ಕಣ್ಣಿಗೂ ಬಡಿಸಬೇಡ.
ಬಾಗಿಲು ಎಂದರೆ
ತಟ್ಟಲು ಎತ್ತಿ, ತಟ್ಟದೆ ಇಳಿದ ಕೈ ಎಲ್ಲಿದೆ, ಹುಡುಕು.”

ಇತ್ತು. ಹನ್ನೊಂದನೇ ಕಂತಿನಲ್ಲಿ, ಒಂದೂಕಾಲು ಸೆಕೆಂಡು.
ಆ ಕೈ ನಿಜಕ್ಕೂ ಎತ್ತಿದ್ದು ಬೆಂಕಿಯ ಗಂಟೆ ಒತ್ತಲು.
ಹಾಡು ಕೇಳಿಸಿದ ಮೇಲೆ
ಕೈಗೆ ಬೆಂಕಿ ಮರೆತೇ ಹೋಯಿತು.

ಅಪ್ಪುಗೆ ಮಾತ್ರ ಎಲ್ಲೂ ಸಿಗಲಿಲ್ಲ.
ಮೊದಲ ವರ್ಷದಿಂದ ಅವನು ಹೊರಳಿದ್ದನ್ನು ತಂದೆವು,
ಮೂರನೆಯದರಿಂದ ಅವಳ ಭುಜ ಬಾಗಿದ್ದನ್ನು.
ಅಷ್ಟರಲ್ಲಿ ಅವಳ ಕೂದಲು ಬೇರೆ, ಅವನ ಗಡ್ಡ ಬೇರೆ.
ನಡುವೆ ಒಂದು ಕತ್ತರಿ.
ಅಪ್ಪಿಕೊಂಡದ್ದು ಆ ಕತ್ತರಿಯೊಳಗೆ.
ಯಾರೂ ಕಂಡಿಲ್ಲ; ಕಂಡೆವೆಂದು ಆಣೆ ಇಡುತ್ತಾರೆ.

ಯಂತ್ರಕ್ಕೊಂದು ಚಟ. ಗುಂಡಿ ಒತ್ತಿದರೆ
ಅರ್ಧ ಸೆಕೆಂಡು ಹಿಂದೆ ಸರಿದು ಆಮೇಲೆ ಮುಂದೆ,
ಹಳ್ಳ ಹಾರುವ ಮೊದಲಿನ ಮಗುವಿನ ಹಾಗೆ.
ನಾನು “ಈಗ” ಎನ್ನುವಷ್ಟರಲ್ಲಿ ಈಗ ಹೋಗಿರುತ್ತದೆ.
ಅದಕ್ಕೇ “ಈ” ಎಂದಷ್ಟೇ ಕೂಗುತ್ತೇನೆ.

ಉಳಿದದ್ದು ಕೊನೆಯ ಸಾಲು:
ಯಾರೂ ಬರುವುದಿಲ್ಲ, ಇನ್ನು ದೀಪ ಆರಿಸು.
ಚಿತ್ರ ಸಿದ್ಧವಿತ್ತು, ಕಿಟಕಿಯ ಬಳಿ ಒಬ್ಬನೇ ವೆಸ್ಕೊ.
ಆದರೆ ಆ ಕಂತು ಬಂದ ರಾತ್ರಿ ನಮ್ಮಲ್ಲಿ ಹಿಮಗಾಳಿ.
ಪರದೆಯ ಅಡಿಯಲ್ಲಿ, ಅವನ ಎದೆಯ ಮೇಲೇ,
ಟಿವಿ ಕೇಂದ್ರದ ಅಕ್ಷರಗಳು ತೆವಳುತ್ತವೆ:
ನಾಳೆ ಶಾಲೆಗಳಿಗೆ ರಜೆ. ಸೇತುವೆ ಮುಚ್ಚಿದೆ.
ಅಗತ್ಯವಿಲ್ಲದೆ ಹೊರಗೆ ಬರಬೇಡಿ.

ಬೇರೆ ಪ್ರತಿಗಾಗಿ ಫಾರ್ಗೋದ ಯೂನಿಸ್‌ಗೆ ಬರೆದೆವು.
ಅವಳ ಟೇಪಿನಲ್ಲಿ ಅವಳೂರಿನ ಹಿಮ.

ಇದ್ದದ್ದನ್ನೇ ಹಾಕಿದೆವು.

ಮಾರ್ಚಿನಲ್ಲಿ, ಹೋಟೆಲಿನ ಒಂದು ಕೋಣೆಯಲ್ಲಿ
ಮಂಚದ ಮೇಲೆ, ನೆಲದ ಮೇಲೆ, ಬಚ್ಚಲ ಹೊಸ್ತಿಲಲ್ಲಿ
ಮೂವತ್ತು ಹೆಂಗಸರು, ಒಂದು ಟಿವಿ.
‘ಶಾಲೆಗಳಿಗೆ ರಜೆ’ ಎಂಬಲ್ಲಿ ಯಾರೋ ಕಿಸಕ್ಕೆಂದರು.
ಹಾಡು, ಯಾರೂ ಬರುವುದಿಲ್ಲ, ಎಂದಿತು.
ಅದರಡಿ, ಸೇತುವೆ ಮುಚ್ಚಿದೆ.
ನಕ್ಕವಳು ಬಾಯಿಗೆ ಕೈ ಒತ್ತಿಕೊಂಡಳು.

ಟೇಪು ಮುಗಿದು ಪರದೆ ನೀಲಿಯಾಯಿತು.
ಯಾರೂ ದೀಪ ಹಾಕಲಿಲ್ಲ.
ಚಟಕ್ಕೆ ಬಿದ್ದ ಹೆಬ್ಬೆರಳು ವಾಚು ಒತ್ತಿತ್ತು,
ಆ ಮೌನ ಎಷ್ಟುದ್ದ ನೋಡೋಣವೆಂದು.

“ಕೊನೆಯದು ನಾವು ಮಾಡಿದ್ದಲ್ಲ,” ಎಂದಳು ವರ್ನಾ
ಕಾರಿನಲ್ಲಿ, ಎಷ್ಟೋ ಹೊತ್ತಿನ ಮೇಲೆ.
ಸೇತುವೆ ತೆರೆದಿತ್ತು.
ನಿಲ್ಲಿಸಲು ಮರೆತ ವಾಚು
ನನ್ನ ಕೋಟಿನೊಳಗೆ ಇನ್ನೂ ಓಡುತ್ತಿತ್ತು.