ಬಾಕಿಗೆ ಬಂದದ್ದು

ಚಿಕ್ಕಪೇಟೆಯ ಸಾಹುಕಾರ ಎರಡು ವರ್ಷ
ಮುಂದಿನ ವಾರ, ಮುಂದಿನ ವಾರ ಅಂದು ಅಂದು
ಅರವತ್ತೆಂಟು ಕೆಜಿ ನೂಲಿನ ದುಡ್ಡಿಗೆ ಬದಲು
ಮಗ ಓಡಿಸಿ ಬೇಸತ್ತ ಈ ಹಳೇ ಡುಕಾಟಿ ಕೊಟ್ಟ.
ಟೆಂಪೋದಲ್ಲಿ ಶಿಡ್ಲಘಟ್ಟಕ್ಕೆ ಬಂತು,
ಗೂಡಿನ ಚೀಲಗಳಿಗೆ ಒರಗಿ, ಹಗ್ಗ ಬಿಗಿಸಿಕೊಂಡು,
ಸಾಕುವುದಕ್ಕೋ ಕಡಿಯುವುದಕ್ಕೋ ಗೊತ್ತಿಲ್ಲದೆ ಕೊಂಡು ತಂದ
ಕೆಂಪು ಟಗರಿನ ಹಾಗೆ.

"ಹಿಂದೆ ಕೂರೋಕೆ ಸೀಟೇ ಇಲ್ವಲ್ರೀ" ಅಂದಳು ಸುಗುಣ.
ಅಷ್ಟೇ ಅಂದಳು.
ಆಮೇಲೆ ಒಂದು ವಾರ ಏನೂ ಅನ್ನಲಿಲ್ಲ.

ಪ್ಯಾರೇಜಾನ್ ಬಂದ. ನಮ್ಮ ಬೀದಿಯ ರೀಲಿಂಗ್ ಮಿಷನ್ನುಗಳಿಗೆಲ್ಲ
ಅವನೇ ಡಾಕ್ಟರು. ಸ್ಪ್ಯಾನರು ಮುಟ್ಟಲಿಲ್ಲ, ಕಿವಿ ಇಟ್ಟ.
ಕ್ಲಚ್ಚು ಹಿಡಿದರೆ
ಡಬ್ಬದಲ್ಲಿ ಮೊಳೆ ಅಲುಗಿಸಿದ ಗದ್ದಲ.
ಬಿಟ್ಟರೆ ತೆಪ್ಪಗೆ.
"ಎಣ್ಣೆ ಕಾಣದ ಕ್ಲಚ್ಚು ಅಣ್ಣ, ಒಣ ಬಾಯಿ.
ಹಿಂಗೇ ಹಲ್ಲು ಕಡೀತೈತೆ. ಕಡೀಲಿ ಬಿಡು."

ಬೇರೆ ಇಂಜಿನ್ನಿನಲ್ಲಿ ವಾಲ್ವು ಮುಚ್ಚುವುದು ಸ್ಪ್ರಿಂಗಿನ ಕೆಲಸ:
ತೆರೆದದ್ದು ತಾನಾಗಿ ಮುಚ್ಚೀತು ಅನ್ನುವ ನಂಬಿಕೆ.
ಇದರಲ್ಲಿ ತೆರೆಯಲು ಒಂದು ಕೈ,
ಮುಚ್ಚಲು ಇನ್ನೊಂದು.
ಏನನ್ನೂ ಅದರ ಪಾಡಿಗೆ ಬಿಟ್ಟಿಲ್ಲ.
"ನಮ್ಮತ್ತೆ ಅಡುಗೆಮನೆ ಥರ" ಅಂದ ಪ್ಯಾರೇಜಾನ್,
ಕೂದಲೆಳೆಯಷ್ಟು ಸಂದಿಗಾಗಿ
ನಾಲ್ಕು ದಿನ ಬಿಲ್ಲೆ ಸಾಣೆ ಹಿಡಿಯುತ್ತ.

ಸೈಡ್ ಸ್ಟ್ಯಾಂಡು ನಂಬಬಾರದು. ಭಾರ ತಪ್ಪಿದ ಕೂಡಲೆ
ತಾನೇ ಒಳಗೆ ಮಡಚಿಕೊಳ್ಳುತ್ತದೆ.
ಗೂಡಿನ ಮಾರ್ಕೆಟ್ಟಿನ ಮುಂದೆ, ಹರಾಜಿನ ಹೊತ್ತಿಗೆ,
ನಾವಿಬ್ಬರೂ ಎರಡು ಸಲ ಬಿದ್ದಿದ್ದೇವೆ.
ಎರಡು ಸಲವೂ ಜನ ಮೊದಲು ಗಾಡಿ ಎತ್ತಿದರು.

ಊರೊಳಗೆ ಅದಕ್ಕೆ ಸಿಟ್ಟು.
ಮೂರು ಸಾವಿರದ ಕೆಳಗೆ ಕೆಮ್ಮುತ್ತದೆ, ಜಗ್ಗುತ್ತದೆ,
ತೊಡೆ ಸುಡುತ್ತದೆ. ಚಿಂತಾಮಣಿವರೆಗೆ
ಅದರ ಹೊಟ್ಟೆ ಸವರದ ಹಂಪು ಎರಡೇ ಎರಡು.
ಬೇಸಿನ್ನಿನ ಬಿಸಿನೀರಲ್ಲಿ ಮೂವತ್ತು ವರ್ಷ ಬೆಂದು
ಅಚ್ಚು ಅಳಿಸಿಹೋದ ಬೆರಳು ನನ್ನವು,
ಆಧಾರ್ ಮಿಷನ್ನು ಗುರುತು ಹಿಡಿಯುವುದಿಲ್ಲ.
ಆಕ್ಸಿಲರೇಟರು ಹಿಡಿಯುತ್ತದೆ.

ಬೆಳಗಿನ ಐದೂವರೆ.
ಅಂಬಾಜಿದುರ್ಗದ ಬಂಡೆ ಇನ್ನೂ ಕಪ್ಪು,
ರಸ್ತೆ ಖಾಲಿ. ಮುಳ್ಳು ಐದು ಸಾವಿರ ದಾಟುತ್ತಲೆ
ಜಗ್ಗಾಟ ನಿಂತು, ಎಂಟು ಗೂಡಿನ ನವಿರು
ಒಂದು ನೂಲಾಗಿ ರಾಟೆಗೆ ಏರಿದ ಹಾಗೆ
ಸದ್ದು ಒಂದೇ ಎಳೆಯಾಗುತ್ತದೆ.
ಎಳೆ ತುಂಡಾಗುವ ಮೊದಲಿನ ಸದ್ದನ್ನು
ನಿದ್ದೆಯಲ್ಲೂ ಕೇಳುವ ಕಿವಿ ಇದು,
ಆ ಮೂರು ಮೈಲಿ ಸುಮ್ಮನಿರುತ್ತದೆ.

ತುಂಡಾಗುವುದೂ ಉಂಟು. ಒಂದು ರಾತ್ರಿ ಕೈವಾರದ ಹತ್ತಿರ
ಮೀಟರು, ದೀಪ, ಹಾರನ್ನು ಒಟ್ಟಿಗೆ ಸತ್ತು
ಟೊಮ್ಯಾಟೊ ಲಾರಿಯೊಂದರ ಬಾಲದ ದೀಪ ನಂಬಿ
ಚಿಂತಾಮಣಿ ಮುಟ್ಟಿದೆ.
ಬೆಲ್ಟು, ಓಡಿದರೂ ಓಡದಿದ್ದರೂ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.
ಅದರ ಬೆಲೆ ಸುಗುಣನಿಗೆ ಹೇಳಿಲ್ಲ.
ಅವಳಿಗೆ ಗೊತ್ತು.

ಮೊನ್ನೆ ಸಾಹುಕಾರನ ಫೋನು:
ಮಗ ಮತ್ತೆ ಕೇಳ್ತಾ ಇದಾನೆ, ಬಾಕಿ ಪೂರ್ತಿ ಕೊಡ್ತೀನಿ, ಬಡ್ಡೀನೂ.
ಅಂದೆ, "ಮುಂದಿನ ವಾರ ನೋಡೋಣ."

ಈಗ ನಾಲ್ಕು ದಿನದಿಂದ ಗಾಡಿ ಹತ್ತಿಲ್ಲ.
ಪಕ್ಕದ ಅಕ್ಕಯ್ಯಮ್ಮನ ಹುಳುಮನೆಯಲ್ಲಿ
ಹುಳು ನಾಲ್ಕನೇ ಜ್ವರಕ್ಕೆ ಬಿದ್ದಿವೆ,
ತಲೆ ಎತ್ತಿ, ಕಲ್ಲಾಗಿ.
ಸದ್ದು ಅವಕ್ಕೆ ಕೇಳುತ್ತದೋ ಇಲ್ಲವೋ. ಅವಳಿಗೆ ಕೇಳುತ್ತದೆ.
ಇವತ್ತು ತಡೆಯಲಾಗಲಿಲ್ಲ. ಕೀ ತಿರುಗಿಸದೆ,
ನೂರ ತೊಂಬತ್ತು ಕೆಜಿ, ಗಲ್ಲಿಯ ಏರಿನಲ್ಲಿ,
ಚಪ್ಪಲಿ ಬಿಟ್ಟು ತಳ್ಳಿದೆ.
ಅರ್ಧಕ್ಕೆ ಬಂದಾಗ ಗಾಡಿ ಹಗುರಾಯಿತು.
ತಿರುಗಿ ನೋಡಿದರೆ ಸುಗುಣ,
ಸೀಟಿಲ್ಲದ ಬಾಲಕ್ಕೆ ಎರಡೂ ಕೈ ಕೊಟ್ಟು,
"ಮುಂದೆ ನೋಡ್ರೀ" ಅಂತ
ಪಿಸುದನಿಯಲ್ಲಿ ಬೈಯುತ್ತಿದ್ದಳು.