ದೆವ್ವ ಮೂರು

ಅರಸೀಕೆರೆಯ ಹಳೇ ರೈಲ್ವೆ ಕ್ವಾರ್ಟರ್ಸಿಗೆ
ಸಿನಿಮಾದವರು ಬಂದಾಗ ನಾನು
ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದೆ.
ಮ್ಯಾನೇಜರು ನನ್ನ ನೋಡಿದ, ನನ್ನ ಹಲ್ಲು ನೋಡಿದ,
ಫೋನಿನಲ್ಲಿ ಯಾರಿಗೋ ಹೇಳಿದ:
'ಸಿಕ್ತು ಸಾರ್. ಮೇಕಪ್ ಖರ್ಚೇ ಇಲ್ಲ.'

ದಿನಕ್ಕೆ ಎಂಟುನೂರು, ಊಟ, ಒಂದು ಬಿಳಿ ಸೀರೆ.
ಸೀರೆ ವಾಪಸು ಕೊಡಬೇಕು.
ಹೆಸರು ಕೇಳಿದರು. ಚೌಡಮ್ಮ ಅಂದೆ.
ಬರೆದುಕೊಂಡರು: ದೆವ್ವ ಮೂರು.

ದೆವ್ವ ಒಂದು, ಹೀರೋಯಿನ್ನು.
ಮೈಮೇಲೆ ಬರುತ್ತದೆ ಅಷ್ಟೇ, ಇಳಿದ ಮೇಲೆ ಮತ್ತೆ ಬೆಣ್ಣೆ.
ದೆವ್ವ ಎರಡು, ಸ್ಟೇಷನ್ನಿನಲ್ಲಿ ಟೀ ಮಾರುವ ಮೂರಡಿ ರಹಮತ್ತು.
ಹೀರೋ ಬಾಗಿಲು ತೆಗೆದು ಮೊದಲು ಮೇಲೆ ನೋಡಬೇಕು,
ಆಮೇಲೆ ಕೆಳಗೆ.
ಜೋಕು ಅಷ್ಟೇ. ಹದಿನಾಲ್ಕು ಟೇಕು.
ಹದಿನಾಲ್ಕು ಸಲವೂ ಅವನು ಬಾಗಿಲ ಹಿಂದೆ
ಕತ್ತಲಲ್ಲಿ ಒಬ್ಬನೇ ಕಾದ.

ದೆವ್ವ ನಾಲ್ಕಕ್ಕೆ ಸಿಂಚನ ಬಂದಿದ್ದಳು,
ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಚಪ್ಪಾಳೆ ತಟ್ಟುವವಳು.
ತನ್ನದೇ ಸೀರೆ, ತನ್ನದೇ ಮಲ್ಲಿಗೆ,
ರಾತ್ರಿಯೆಲ್ಲ ರೂಢಿ ಮಾಡಿಕೊಂಡ ಒಂದು ನಗು.
'ನೀನು ಬೇಡಮ್ಮ. ನೀನು ನಿಜವಾಗಿ ಕಾಣ್ತೀಯ,
ಜನ ನಗಲ್ಲ.'
ಮೀಸೆ ಬೋಳಿಸಿಕೊಂಡ ದಪ್ಪ ನಟನೊಬ್ಬ
ಅವಳ ಸೀರೆಯನ್ನೇ ಬಾಡಿಗೆಗೆ ಪಡೆದು ಉಟ್ಟ.
ನೆರಿಗೆ ಹಿಡಿಯಲು ಅವಳೇ ಕಲಿಸಿಕೊಟ್ಟಳು.

ನನ್ನ ಕೆಲಸ, ಕಿಟಕಿಯಲ್ಲಿ ಮುಖ ಇಡುವುದು.
ಒಳಗಿದ್ದವರದು, ಕಿರುಚುವುದು.
ಒಂದು ಮಾತು ಹೇಳಲಾ ಸಾರ್, ಅಂದೆ,
ಯಾಕೆ ಸತ್ತೆ ಅಂತ?
'ಅದು ದೆವ್ವ ಒಂದಕ್ಕಿದೆ. ಫ್ಲ್ಯಾಶ್‌ಬ್ಯಾಕು, ಹಾಡು ಸಮೇತ.'
ಆಗ ತಿಳಿಯಿತು,
ಬೆಳ್ಳಗಿದ್ದರೆ ಸಾವಿಗೂ ಕಾರಣ ಇರುತ್ತದೆ.
ನಮ್ಮಂಥವರು ಹುಟ್ಟಾ ದೆವ್ವ.

ಕೊಬ್ಬರಿ ಆರಿಸುತ್ತ ನಾನೇ ಕಟ್ಟಿಕೊಂಡೆ:
ಕಿಟಕಿಯಾಚೆಯವಳು ಗೇಟ್‌ಮನ್ನಿನ ಹೆಂಡತಿ.
ಗಂಡ ಜ್ವರದಲ್ಲಿ ಮಲಗಿದ ರಾತ್ರಿ
ಹಸಿರು ದೀಪ ಹಿಡಿದು ಗಾಡಿ ದಾಟಿಸಲು ಹೋದವಳು.
ಹಾವು ಕಡಿಯಿತು.
ಈಗ ಬಂದಿರುವುದು ಹೆದರಿಸಲಿಕ್ಕಲ್ಲ.
ಒಲೆಯ ಮೇಲೆ ಹಾಲಿಟ್ಟು ಹೊರಟಿದ್ದಳು,
ಉಕ್ಕಿತೋ ಏನೋ ನೋಡಲಿಕ್ಕೆ.

ಸಿನಿಮಾ ನಮ್ಮೂರ ಟಾಕೀಸಿಗೆ ಬಂತು.
ಮೂವರೂ ಹೋದೆವು. ಟಿಕೆಟ್ಟು ರಹಮತ್ತಿನದು.
ಮುಂದಿನವರ ತಲೆ ಅಡ್ಡ, ಅವನು ಸೀಟಿನ ಮೇಲೆ ನಿಂತೇ ನೋಡಿದ.
ಬಾಗಿಲು ತೆರೆಯಿತು. ಮೇಲೆ, ಕೆಳಗೆ.
ಟಾಕೀಸು ಬಿದ್ದು ಬಿದ್ದು ನಕ್ಕಿತು.
ಅವನೂ ನಕ್ಕ, ಒಂದು ಗಳಿಗೆ ತಡವಾಗಿ.
ದಪ್ಪ ನಟ ಸೊಂಟ ಕುಣಿಸಿದಾಗ ಸಿಂಚನ ಅಂದಳು,
'ನೆರಿಗೆ ಮಾತ್ರ ಚೆನ್ನಾಗಿ ಬಂದದೆ ಕಣೆ.'
ನನ್ನ ಮುಖಕ್ಕೆ ಸಿಳ್ಳೆ ಬಿತ್ತು.
ಮುಖ ನನ್ನದು, ಗಹಗಹ ನಗು
ಯಾವಳೋ ಸ್ಟುಡಿಯೋದವಳದು.

ಇಂಟರ್ವಲ್ಲಿನಲ್ಲಿ, ಹೆಂಗಸರ ಕಡೆಯ ಕೊಳಾಯಿ ಹತ್ತಿರ,
ಒಬ್ಬಳು ಮುಖ ತೊಳೆದು ತಲೆಯೆತ್ತಿದಳು,
ಕನ್ನಡಿಯಲ್ಲಿ ನನ್ನ ಕಂಡು ಕಿಟಾರನೆ ಕಿರುಚಿದಳು.
ಹೆದರಿ ನಾನೂ ಕಿರುಚಿದೆ.
ಎದೆ ಹಿಡಿದು ನಿಂತೆವು ಇಬ್ಬರೂ.
ಮೊದಲು ನಕ್ಕದ್ದು ಯಾರೋ,
ಕೊಳಾಯಿ ಸುರಿಯುತ್ತಲೇ ಇತ್ತು.
ಅವಳೂ ನನ್ನಷ್ಟೇ ಕಪ್ಪು,
ಹಲ್ಲು ನನಗಿಂತ ಒಂದು ಕೈ ಮುಂದೆ.
ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದಳು:
'ಅಲ್ಲ ಕಣಕ್ಕ, ಆ ಕಿಟಕೀಲಿ ನಿಂತ್ಕೊಂಡು
ಅಷ್ಟೊತ್ತು ಏನ್ ನೋಡ್ತಿದ್ದೆ ನೀನು?'

ಒಲೆ ಮೇಲೆ ಹಾಲಿತ್ತು, ಅಂದೆ.